ಜೀನ್ ಥೆರಪಿ ಕಂಪನಿಗಳು: ಔಷಧಿ ಗೆದ್ದರೂ ದುಡ್ಡು ಮುಗಿದರೆ ರೋಗಿಯನ್ನು ಮುಂದೆ ನೋಡುವವರು ಯಾರು?

ತೆಂಕಪೇಟೆ_ಉಡುಪಿ

ಯೂನಿಕ್ಯೂರ್ ಕಂಪನಿಯ ಸುದ್ದಿ ಬಂದಾಗಲೆಲ್ಲ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಯಾರಾದರೂ ಒಬ್ಬರು ಹಾಕಿಯೇ ಹಾಕುತ್ತಾರೆ. ನನ್ನ ತಮ್ಮನಿಗೆ ಹಿಮೋಫಿಲಿಯಾ ಬಿ ಉಂಟು, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟುಕಾಯಿಲೆ. ಆ ಕಾಯಿಲೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಜೀನ್ ಥೆರಪಿ, ಅಂದರೆ ಕೆಟ್ಟ ಜೀನಿನ ಬದಲು ಸರಿಯಾದ ಜೀನ್ ಕೊಡುವ ಚಿಕಿತ್ಸೆ, ಹುಟ್ಟಿದ್ದು ಇದೇ ಕಂಪನಿಯ ಲ್ಯಾಬಿನಲ್ಲಿ. ಸುದ್ದಿಯ ಹೆಡ್ಡಿಂಗ್‌ನಲ್ಲಿ ಒಂದೇ ಸಲ ಡ್ರಿಪ್ ಹಾಕಿಸಿಕೊಂಡರೆ ಸಾಕು ಅಂತ ಇರುತ್ತದೆ. ಕಂಪನಿಯ ಲೆಕ್ಕಪತ್ರ ಓದಿದರೆ ಮಾತ್ರ ಬೇರೆಯೇ ಕಥೆ. ಇಲ್ಲಿ ಮಣಿಪಾಲದವರು, ಬ್ಯಾಂಕಿನವರು, ಶೇರು ನೋಡುವವರು ಎಲ್ಲ ಇದ್ದೀರಿ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಈ ಕಂಪನಿ ಆಮ್‌ಸ್ಟರ್‌ಡ್ಯಾಮ್‌ನದ್ದು. 2012ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದ ಮೊಟ್ಟಮೊದಲ ಜೀನ್ ಥೆರಪಿ ಇವರದ್ದೇ, ಹೆಸರು ಗ್ಲೈಬೆರಾ. ರಕ್ತದಲ್ಲಿ ಕೊಬ್ಬು ಕರಗದ ಒಂದು ಅಪರೂಪದ ಕಾಯಿಲೆಗೆ. ಬೆಲೆ ಸುಮಾರು 10 ಲಕ್ಷ ಯೂರೋ. ಟ್ರಯಲ್ ಬಿಟ್ಟು, ದುಡ್ಡು ಕೊಟ್ಟು ಅದನ್ನು ಪಡೆದ ರೋಗಿ ಎಷ್ಟು ಜನ ಗೊತ್ತಾ? ಒಬ್ಬರು. 2017ರಲ್ಲಿ ಅದನ್ನು ಮಾರುಕಟ್ಟೆಯಿಂದಲೇ ತೆಗೆದರು.

ಆಮೇಲೆ ಬಂದದ್ದು ಹಿಮೋಫಿಲಿಯಾ ಬಿ ಔಷಧಿ, ಹೆಮ್ಜೆನಿಕ್ಸ್. ಟ್ರಯಲ್‌ನಲ್ಲಿ 54 ಗಂಡಸರು. ರಕ್ತಸ್ರಾವ 64 ಶೇಕಡಾ ಕಡಿಮೆ ಆಯಿತು. ಬಹುತೇಕ ಎಲ್ಲರೂ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಪ್ರೊಟೀನಿನ ನಿಯಮಿತ ಇಂಜೆಕ್ಷನ್ ಬಿಟ್ಟರು. 2022ರ ನವೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಕ ಸಂಸ್ಥೆ ಎಫ್‌ಡಿಎ ಒಪ್ಪಿತು, ಬೆಲೆ 35 ಲಕ್ಷ ಡಾಲರ್. ನಮ್ಮ ದುಡ್ಡಿನಲ್ಲಿ ಸುಮಾರು 30 ಕೋಟಿ. ಔಷಧಿ ಗೆದ್ದಿತು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಗೆಲ್ಲುವ ಹೊತ್ತಿಗೆ ಅದು ಅವರ ಕೈಯಲ್ಲೇ ಇರಲಿಲ್ಲ. 2020ರಲ್ಲೇ 45 ಕೋಟಿ ಡಾಲರ್ ಮುಂಗಡಕ್ಕೆ ದೊಡ್ಡ ಔಷಧಿ ಕಂಪನಿ ಸಿಎಸ್‌ಎಲ್ ಬೆಹ್ರಿಂಗ್‌ಗೆ ಹಕ್ಕು ಕೊಟ್ಟಾಗಿತ್ತು. ಮಾರಾಟದ ಮೇಲೆ ಬರಬೇಕಿದ್ದ ರಾಯಲ್ಟಿಯ ಒಂದು ಪಾಲನ್ನು 2023ರಲ್ಲಿ 37.5 ಕೋಟಿ ಡಾಲರಿಗೆ ಮಾರಿದರು. 2024ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿದ್ದ ಕಾರ್ಖಾನೆ ಮಾರಿದರು, ಕೆಲಸಗಾರರಲ್ಲಿ 65 ಶೇಕಡಾ ಕಡಿತ ಅಂತ ಹೇಳಿದರು. ಇಷ್ಟೆಲ್ಲ ಮಾಡಿದ್ದು ಮುಂದಿನ ಔಷಧಿಯನ್ನು ಕೊನೆ ಮುಟ್ಟಿಸಲಿಕ್ಕೆ. ಅದು ಮೆದುಳಿನ ನರಕೋಶ ಮೆಲ್ಲ ಸಾಯುವ ಹಂಟಿಂಗ್ಟನ್ ಅನ್ನುವ ಆನುವಂಶಿಕ ಕಾಯಿಲೆಗೆ, ಎಎಂಟಿ-130 ಅಂತ.

2025ರ ಸೆಪ್ಟೆಂಬರ್‌ನಲ್ಲಿ ಅದರ ಫಲಿತಾಂಶ ಬಂತು. ಜಾಸ್ತಿ ಡೋಸ್ ಪಡೆದು ಮೂರು ವರ್ಷ ಕಳೆದವರಲ್ಲಿ ಕಾಯಿಲೆ ಮುಂದುವರಿಯುವ ವೇಗ 75 ಶೇಕಡಾ ತಗ್ಗಿದೆ ಅಂದರು. ಶೇರು ಒಂದೇ ದಿನದಲ್ಲಿ ಮೂರು ಪಟ್ಟಿಗೂ ಮೇಲೆ ಹೋಯಿತು. ನವೆಂಬರ್‌ನಲ್ಲಿ ಎಫ್‌ಡಿಎ, ಟ್ರಯಲ್ ಹೊರಗಿನ ರೋಗಿಗಳ ಜೊತೆ ಹೋಲಿಸಿ ತೆಗೆದ ಈ ಲೆಕ್ಕ ಸಾಕಾಗಲಿಕ್ಕಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿತು ಅಂತ ಕಂಪನಿಯೇ ಹೇಳಿತು. ಶೇರು ಸುಮಾರು ಅರ್ಧಕ್ಕೆ ಬಿತ್ತು.

ನನ್ನ ತಲೆಯಲ್ಲಿರುವ ಪ್ರಶ್ನೆ ಶೇರಿನದ್ದಲ್ಲ. ಜೀನ್ ಥೆರಪಿ ಪಡೆದವರನ್ನು ವರ್ಷಗಟ್ಟಲೆ ಗಮನಿಸಬೇಕು ಅಂತ ನಿಯಮ ಹೇಳುತ್ತದೆ, ಕೆಲವು ಬಗೆಯದ್ದಕ್ಕೆ 15 ವರ್ಷ. ಈ ಕಂಪನಿಗಳ ಖಾತೆಯಲ್ಲಿ ಇರುವುದು ಎರಡು ಮೂರು ವರ್ಷಕ್ಕೆ ಸಾಲುವ ದುಡ್ಡು. ಹೀಗಿರುವಾಗ ಆ ರೋಗಿಯ ಜವಾಬ್ದಾರಿ ಕೊನೆಗೆ ಯಾರ ತಲೆಗೆ? ಔಷಧಿ ಕೆಲಸ ಮಾಡುತ್ತದೆಯಾ ಅಂತ ಎಲ್ಲರೂ ಕೇಳುತ್ತಾರೆ. ಇದನ್ನು ಕೇಳುವವರು ಕಡಿಮೆ.

ಶೇರುಪೇಟೆ_ಹಂಪನಕಟ್ಟೆ

ಒಳ್ಳೆಯ ಪೋಸ್ಟ್ ಅಣ್ಣ. ನಾನು ನೋಡುವುದು ಶೇರಿನ ಕಡೆಯಿಂದ, ಹಾಗಾಗಿ ಒಂದು ವಿಷಯದಲ್ಲಿ ಒಪ್ಪುವುದಿಲ್ಲ. ಹಕ್ಕು ಮಾರಿದರು, ರಾಯಲ್ಟಿ ಮಾರಿದರು ಅಂತ ನೀವು ಬರೆದದ್ದು ಓದಿದರೆ ಮನೆ ಸಾಮಾನು ಮಾರಿದ ಹಾಗೆ ಕೇಳುತ್ತದೆ. ಅದೇ ದುಡ್ಡಿನಿಂದಲ್ವಾ ಹಂಟಿಂಗ್ಟನ್ ಟ್ರಯಲ್ ನಡೆದದ್ದು? ಲಾಭ ಇಲ್ಲದ ಕಂಪನಿಗೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಇರುವ ದಾರಿ ಮೂರು ನಾಲ್ಕೇ. ಹೊಸ ಶೇರು ಬಿಡುವುದು, ಮುಂದೆ ಬರುವ ಆದಾಯ ಈಗಲೇ ಮಾರುವುದು, ದೊಡ್ಡ ಕಂಪನಿ ಜೊತೆ ಸೇರುವುದು, ಇಲ್ಲದಿದ್ದರೆ ಜಾಸ್ತಿ ಬಡ್ಡಿಗೆ ಸಾಲ ಎತ್ತುವುದು.

ಶೇರು ಹೊಸದಾಗಿ ಬಿಟ್ಟಾಗ ಹಳೆಯವರ ಪಾಲು ತೆಳುವಾಗುತ್ತದೆ. ಒಳ್ಳೆ ಸುದ್ದಿ ಬಂದು ಶೇರು ಏರಿದ ಕೂಡಲೇ ಕಂಪನಿ ಹೊಸ ಶೇರು ಮಾರುವುದು ಅದಕ್ಕೇ. ಯೂನಿಕ್ಯೂರ್ ಕೂಡ ಸೆಪ್ಟೆಂಬರ್‌ನಲ್ಲಿ ಹಾಗೇ ಮಾಡಿತು. ಸರಿಯಾಗಿಯೇ ಮಾಡಿತು ಅಂತ ನನ್ನ ಅಭಿಪ್ರಾಯ, ನವೆಂಬರ್ ತನಕ ಕಾದಿದ್ದರೆ ಅದೇ ದುಡ್ಡಿಗೆ ಇನ್ನೂ ತುಂಬಾ ಜಾಸ್ತಿ ಶೇರು ಮಾರಬೇಕಿತ್ತು.

ಇಲ್ಲಿ ಆ್ಯಪ್‌ನಲ್ಲಿ ಅಮೆರಿಕದ ಶೇರು ತೆಗೆಯುವವರು ಈಗ ಜಾಸ್ತಿ ಆಗಿದ್ದಾರೆ. ಅವರಿಗೆ ನನ್ನದು ಒಂದೇ ಮಾತು. ಇಂಥ ಕಂಪನಿ ನೋಡುವಾಗ ಟ್ರಯಲ್ ಸುದ್ದಿಗೆ ಮೊದಲು ತ್ರೈಮಾಸಿಕ ವರದಿ ತೆಗೆಯಿರಿ. ಕೈಯಲ್ಲಿ ನಗದು ಎಷ್ಟು, ಮೂರು ತಿಂಗಳಿಗೆ ಖರ್ಚು ಎಷ್ಟು, ಭಾಗಿಸಿ ನೋಡಿ. ಮುಂದಿನ ದೊಡ್ಡ ಫಲಿತಾಂಶಕ್ಕೆ ಮೊದಲೇ ದುಡ್ಡು ಮುಗಿಯುತ್ತದೆ ಅಂತಾದರೆ ಹೊಸ ಶೇರು ಬಂದೇ ಬರುತ್ತದೆ, ಆ ಪೆಟ್ಟು ನಿಮಗೇ.

ಮಣಿಪಾಲ_ಲ್ಯಾಬ್

ನಾನು ಈ ಕ್ಷೇತ್ರದಲ್ಲೇ ಕೆಲಸ ಮಾಡುವವಳು, ಆದರೆ ಯಾವ ಕಂಪನಿಗೂ ಸಂಬಂಧ ಇಲ್ಲ. ಎಫ್‌ಡಿಎ ಯಾಕೆ ತಕರಾರು ಮಾಡಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸುಮ್ನೆ ಬಾಗಿಲು ಹಾಕಿದರು ಅಂತ ತುಂಬಾ ಜನ ಬೈಯುತ್ತಿದ್ದಾರೆ, ಅದು ಪೂರ್ತಿ ನ್ಯಾಯ ಅಲ್ಲ.

ಎಎಂಟಿ-130 ಡ್ರಿಪ್ ಅಲ್ಲ. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಎಂಆರ್‌ಐ ನೋಡುತ್ತಾ, ಮೆದುಳಿನ ಆಳದಲ್ಲಿರುವ ಎರಡು ಭಾಗಗಳಿಗೆ ಸೂಕ್ಷ್ಮ ನಳಿಕೆಯಿಂದ ತುಂಬಾ ನಿಧಾನವಾಗಿ ಔಷಧಿ ಬಿಡುತ್ತಾರೆ. ಅರ್ಧ ದಿನಕ್ಕೂ ಜಾಸ್ತಿ ಹಿಡಿಯುವ ಆಪರೇಷನ್. ಈ ಫಲಿತಾಂಶದ ಲೆಕ್ಕದಲ್ಲಿ ಇದ್ದದ್ದು ಔಷಧಿ ಪಡೆದ 29 ಜನ. ಮೂರು ವರ್ಷ ತುಂಬಿದ, ಜಾಸ್ತಿ ಡೋಸ್‌ನವರು 12 ಜನ. ಇಷ್ಟು ದೊಡ್ಡ ಆಪರೇಷನ್ ಅನ್ನು ಸುಳ್ಳುಸುಳ್ಳೇ ಮಾಡಿ ಹೋಲಿಸುವುದು ಕಷ್ಟ. ಹಾಗಾಗಿ ಎನ್‌ರೋಲ್-ಎಚ್‌ಡಿ ಅನ್ನುವ ದೊಡ್ಡ ದಾಖಲೆಯಿಂದ ಅದೇ ಥರದ ರೋಗಿಗಳನ್ನು ಆಯ್ದು ಅವರ ಜೊತೆ ಹೋಲಿಸಿದರು. 75 ಶೇಕಡಾ ಅನ್ನುವ ಅಂಕಿ ಬಂದದ್ದು ಹಾಗೆ.

12 ಜನ ಅಂದರೆ ಒಬ್ಬಿಬ್ಬರು ಆಚೀಚೆ ಆದರೂ ಲೆಕ್ಕ ಬದಲಾಗುತ್ತದೆ. ಟ್ರಯಲ್‌ಗೆ ತಾವಾಗಿ ಬರುವವರು ಸಾಮಾನ್ಯವಾಗಿ ಸ್ವಲ್ಪ ಗಟ್ಟಿ ಇರುತ್ತಾರೆ, ಮನೆಯವರ ಬೆಂಬಲ ಇರುತ್ತದೆ. ಇನ್ನೊಂದು ಕಡೆ, ಬೆನ್ನುಹುರಿ ದ್ರವದಲ್ಲಿ ನರಗಳಿಗೆ ಹಾನಿ ಆದದ್ದನ್ನು ತೋರಿಸುವ ಪ್ರೊಟೀನ್ ಒಂದು ಉಂಟು, ಅದು ಈ ರೋಗಿಗಳಲ್ಲಿ ಮೂರು ವರ್ಷದ ಮೇಲೆ ಶುರುವಿಗಿಂತ ಕೆಳಗೇ ಇತ್ತು. ಈ ಕಾಯಿಲೆಯಲ್ಲಿ ಅದು ಏರುತ್ತಾ ಹೋಗಬೇಕಾದ್ದು. ಅದಕ್ಕೇ ನನಗೆ ಔಷಧಿಯಲ್ಲಿ ನಿಜವಾದ ಗುಣ ಉಂಟು ಅಂತ ಅನಿಸುವುದು. ಆದರೆ ಇದೇ ಹೋಲಿಕೆಯ ಕ್ರಮಕ್ಕೆ ಎಫ್‌ಡಿಎ ಮೊದಲು ಒಪ್ಪಿತ್ತು ಅಂತ ಕಂಪನಿ ಹೇಳಿತ್ತು. ಅರ್ಧ ದಾರಿಯಲ್ಲಿ ನಿಯಮ ಬದಲಾದರೆ ಸಣ್ಣ ಕಂಪನಿಗೆ ಇನ್ನೊಂದು ಟ್ರಯಲ್ ಮಾಡಲು ದುಡ್ಡು ಎಲ್ಲಿಂದ? ಇಲ್ಲಿ ವಿಜ್ಞಾನದ ಪ್ರಶ್ನೆಯೂ ದುಡ್ಡಿನ ಪ್ರಶ್ನೆಯೂ ಒಂದಕ್ಕೊಂದು ಗಂಟು ಬಿದ್ದಿದೆ.

ಇನ್ನು 15 ವರ್ಷದ ವಿಷಯ. ಜೀನನ್ನು ಕೋಶದೊಳಗೆ ಹೊತ್ತು ಹಾಕಲು ವೈರಸ್ ಬಳಸುತ್ತಾರೆ. ಹೆಮ್ಜೆನಿಕ್ಸ್‌ನ ಹಾಗೆ ಎಎವಿ ಅನ್ನುವ ವೈರಸ್‌ನಲ್ಲಿ ಕೊಟ್ಟರೆ ಜೀನ್ ಹೆಚ್ಚಾಗಿ ನಮ್ಮ ಡಿಎನ್‌ಎ ಒಳಗೆ ಸೇರುವುದಿಲ್ಲ, ಪಕ್ಕದಲ್ಲಿ ಕೂರುತ್ತದೆ. ಅದಕ್ಕೆ ಎಫ್‌ಡಿಎ ಹೇಳುವುದು 5 ವರ್ಷದ ತನಕ ನೋಡಿ ಅಂತ. ಲೆಂಟಿವೈರಸ್ ಹಾಗಲ್ಲ, ಅದು ರಕ್ತವನ್ನು ಹುಟ್ಟಿಸುವ ಮೂಲಕೋಶಗಳ ಡಿಎನ್‌ಎ ಒಳಗೇ ಹೋಗಿ ಸೇರುತ್ತದೆ. ಅದಕ್ಕೆ 15 ವರ್ಷ. ಇದು ಬರೀ ಕಾಗದದ ಮೇಲಿನ ನಿಯಮ ಅಂತ ತಿಳಿಯಬೇಡಿ. ಬ್ಲೂಬರ್ಡ್ ಬಯೋ ಕಂಪನಿಯ ಸ್ಕೈಸೋನಾ, ಮಕ್ಕಳ ಮೆದುಳಿನ ಒಂದು ಭಯಂಕರ ಕಾಯಿಲೆಗೆ ಕೊಡುವುದು. 67 ಹುಡುಗರಲ್ಲಿ 7 ಮಂದಿಗೆ ರಕ್ತದ ಕ್ಯಾನ್ಸರ್ ಬಂತು ಅಂತ 2024ರಲ್ಲಿ ಪ್ರಕಟ ಆಯಿತು. ಕೆಲವರಿಗೆ ಬಂದದ್ದು ಚಿಕಿತ್ಸೆ ಆಗಿ ಎಷ್ಟೋ ವರ್ಷದ ಮೇಲೆ. ಯಾರೂ ಗಮನಿಸುತ್ತಾ ಇರದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

ಕಾರ್ಕಳದ_ಅಮ್ಮ

ನಿಮ್ಮ ಮಾತು ಅರ್ಧ ಅರ್ಥ ಆಯಿತು, ಅರ್ಧ ಆಗಲಿಲ್ಲ. ನನ್ನ ಮಗನಿಗೂ ಹಿಮೋಫಿಲಿಯಾ, ಅವನದ್ದು ಎ. ಈಗ ಎಂಟನೇ ಕ್ಲಾಸು.

ಮನೆಯಲ್ಲೇ ಫ್ಯಾಕ್ಟರ್ ಹಾಕಲು ಕಲಿತಿದ್ದೇನೆ. ಪುಡಿಯ ಬಾಟಲಿ, ನೀರಿನ ಬಾಟಲಿ ಎರಡೂ ಫ್ರಿಜ್‌ನಿಂದ ತೆಗೆದು ತಂಪು ಬಿಡುವ ತನಕ ಇಡಬೇಕು. ನೀರು ಪುಡಿಗೆ ಇಳಿದ ಮೇಲೆ ಕುಲುಕಬಾರದು, ನೊರೆ ಬಂದರೆ ಹಾಳು. ಎರಡು ಅಂಗೈ ನಡುವೆ ಇಟ್ಟು ಮೆಲ್ಲ ಉರುಳಿಸುತ್ತಾ ಇರಬೇಕು, ಪೂರ್ತಿ ತಿಳಿ ಆಗುವ ತನಕ. ಆಮೇಲೆ ಚಿಟ್ಟೆ ಸೂಜಿ. ಮೊಣಕಾಲು ಊದಿ ಅವನು ಅಳುತ್ತಿರುವಾಗ ಆ ಪುಡಿ ಕರಗುವ ಹೊತ್ತು ಮುಗಿಯುವುದೇ ಇಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಿಕ್ಕಾಗದು, ಹಾಗಾಗಿ ಐಸ್ ಬಾಕ್ಸ್ ಯಾವಾಗಲೂ ತಯಾರು. ಒಂದು ಸಲ ಆಸ್ಪತ್ರೆಯಲ್ಲಿ ಸ್ಟಾಕ್ ಇಲ್ಲ ಅಂದರು, ಇನ್ನೊಂದು ಊರಿಗೆ ಕಾರು ಮಾಡಿಕೊಂಡು ಹೋದೆವು.

ನನಗೆ ಬೇಕಾದ ಉತ್ತರ ಒಂದೇ. ನನ್ನ ಮಗನಿಗೆ ಈ ಜೀನ್ ಥೆರಪಿ ಸಿಗುತ್ತದಾ, ಇಲ್ಲವಾ? ಯಾರೋ ದೇಣಿಗೆ ಎತ್ತುವ ಅಂತ ಹೇಳಿದರು. 30 ಕೋಟಿ ಎಲ್ಲಿಂದ ಎತ್ತುವುದು?

ತೆಂಕಪೇಟೆ_ಉಡುಪಿ

ಅಕ್ಕ, ದೇಣಿಗೆ ಎತ್ತಲು ಈಗ ಖಂಡಿತ ಹೋಗಬೇಡಿ. ನೇರವಾಗಿ ಹೇಳುತ್ತೇನೆ. ಹೆಮ್ಜೆನಿಕ್ಸ್ ಬಿ ಇದ್ದವರಿಗೆ, ಅದೂ ದೊಡ್ಡವರಿಗೆ ಮಾತ್ರ. ಎ ಇದ್ದವರಿಗೆ ಒಪ್ಪಿಗೆ ಪಡೆದದ್ದು ಬಯೋಮರಿನ್ ಕಂಪನಿಯ ರೊಕ್ಟೇವಿಯನ್, ಅದೂ ದೊಡ್ಡವರಿಗೇ. ಅದರಲ್ಲಿ ಫ್ಯಾಕ್ಟರ್ ಮಟ್ಟ ವರ್ಷ ಕಳೆದ ಹಾಗೆ ಇಳಿಯುತ್ತಾ ಬಂದಿದೆ. 29 ಲಕ್ಷ ಡಾಲರ್ ಬೆಲೆ ಇಟ್ಟರು, ಹೆಚ್ಚು ಜನ ಮುಂದೆ ಬರಲಿಲ್ಲ. 2024ರಲ್ಲಿ ಅಮೆರಿಕ, ಜರ್ಮನಿ, ಇಟಲಿ ಮೂರೇ ದೇಶಕ್ಕೆ ಸೀಮಿತ ಮಾಡಿದರು, 2025ರಲ್ಲಿ ಅದನ್ನು ಬೇರೆಯವರಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ ಅಂದರು.

ಫೈಜರ್ ಮಾಡಿದ್ದನ್ನೂ ನೋಡಿ. ಹಿಮೋಫಿಲಿಯಾ ಬಿಗೆ ಅವರದ್ದೂ ಒಂದು ಇತ್ತು, ಬೆಕ್ವೆಜ್. 2024ರ ಏಪ್ರಿಲ್‌ನಲ್ಲಿ ಒಪ್ಪಿಗೆ. 2025ರ ಫೆಬ್ರವರಿಯಲ್ಲಿ ನಿಲ್ಲಿಸಿಬಿಟ್ಟರು, ರೋಗಿಗಳಿಗೂ ಡಾಕ್ಟರುಗಳಿಗೂ ಆಸಕ್ತಿ ಕಡಿಮೆ ಅಂತ ಕಾರಣ. ವರ್ಷ ಕೂಡ ತುಂಬಲಿಲ್ಲ. ಫೈಜರ್‌ಗೆ ದುಡ್ಡಿನ ಬರ ಇಲ್ಲವಲ್ಲ.

ನಿಮ್ಮ ಮಗನಿಗೆ ಈಗಿನ ಕೆಲಸ ಗಂಟು ಹಾಳಾಗದ ಹಾಗೆ ನೋಡಿಕೊಳ್ಳುವುದು. ಎಮಿಸಿಜುಮಾಬ್ ಅಂತ ಚರ್ಮದ ಕೆಳಗೆ ಹಾಕುವ ಇಂಜೆಕ್ಷನ್ ಉಂಟು, ಎ ಇದ್ದವರಿಗೆ ಮಾತ್ರ, ನರ ಹುಡುಕುವ ಕಷ್ಟ ಇಲ್ಲ. ನನ್ನ ತಮ್ಮನಿಗೆ ಅದು ಆಗುವುದಿಲ್ಲ, ಅವನದ್ದು ಬಿ. ನಿಮ್ಮ ಡಾಕ್ಟರ ಹತ್ತಿರ ಅದರ ಬಗ್ಗೆ ಕೇಳಿ.

ಮಣಿಪಾಲ_ಲ್ಯಾಬ್

ಕಾರ್ಕಳದ ಅಮ್ಮನಿಗೆ ಇನ್ನೊಂದು ಮಾತು. ಹಿಮೋಫಿಲಿಯಾ ಎ ಮೇಲೆ ಒಳ್ಳೆಯ ಕೆಲಸ ನಮ್ಮ ಹತ್ತಿರವೇ ಆಗಿದೆ, ವೆಲ್ಲೂರಿನ ಸಿಎಂಸಿಯಲ್ಲಿ. ರೋಗಿಯ ರಕ್ತದಿಂದಲೇ ಮೂಲಕೋಶ ತೆಗೆದು, ಲೆಂಟಿವೈರಸ್ ಮೂಲಕ ಫ್ಯಾಕ್ಟರ್ 8ರ ಜೀನ್ ಸೇರಿಸಿ, ವಾಪಸ್ ಅವನಿಗೇ ಕೊಡುವುದು. ಐದು ಜನರ ಮೇಲೆ ಮಾಡಿದರು, ಎಲ್ಲರೂ ದೊಡ್ಡವರು. ಆ ಮೂಲಕೋಶ ನೆಲೆಗೊಂಡ ಮೇಲೆ ಐದು ಜನರಲ್ಲಿ ಯಾರಿಗೂ ರಕ್ತಸ್ರಾವ ಆಗಲಿಲ್ಲ. 2024ರ ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡಿದ್ದು, ನಮ್ಮ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಬೆಂಬಲ ಕೊಟ್ಟಿದೆ.

ಇದಕ್ಕೆ ಮೊದಲು ಕೀಮೋ ಕೊಡಬೇಕಾಗುತ್ತದೆ, ಸುಲಭದ ಚಿಕಿತ್ಸೆ ಅಲ್ಲ. ಐದು ಜನ ಅಂದರೆ ತೀರಾ ಸಣ್ಣ ಸಂಖ್ಯೆ. ಆದರೂ ಒಂದು ಅನುಕೂಲ ಉಂಟು. ಎಎವಿ ವೈರಸ್ ವಿರುದ್ಧ ನಮ್ಮಲ್ಲಿ ತುಂಬಾ ಜನರ ರಕ್ತದಲ್ಲಿ ಆ್ಯಂಟಿಬಾಡಿ ಮೊದಲೇ ಇರುತ್ತದೆ, ಅಂಥವರಿಗೆ ಎಎವಿ ಔಷಧಿ ಕೊಟ್ಟರೂ ಹಿಡಿಯದೆ ಇರಬಹುದು. ಹೆಮ್ಜೆನಿಕ್ಸ್ ಟ್ರಯಲ್‌ನಲ್ಲೂ ಆ್ಯಂಟಿಬಾಡಿ ತೀರಾ ಜಾಸ್ತಿ ಇದ್ದ ಒಬ್ಬರಿಗೆ ಫಲ ಸಿಗಲಿಲ್ಲ. ವೆಲ್ಲೂರಿನ ದಾರಿಯಲ್ಲಿ ಆ ತೊಂದರೆ ಬರುವುದಿಲ್ಲ. ಒಂದು ಸಲ ಎಎವಿ ಪಡೆದರೆ ಮೈಯಲ್ಲಿ ಆ್ಯಂಟಿಬಾಡಿ ಏರಿ, ಅದನ್ನೇ ಮತ್ತೆ ಕೊಡಲಾಗುವುದಿಲ್ಲ ಅನ್ನುವುದೂ ನೆನಪಿರಲಿ. ಇರುವುದು ಒಂದೇ ಅವಕಾಶ.

ಬ್ಯಾಂಕ್_ನಿವೃತ್ತ

ನಾನು ಬ್ಯಾಂಕಿನಲ್ಲೇ ಜೀವ ಸವೆಸಿದವನು, ವೈರಸ್ ವಿಷಯ ನನಗೆ ತಿಳಿಯದು. ದುಡ್ಡಿನ ವಿಷಯ ಹೇಳುತ್ತೇನೆ. ಚಿಕಿತ್ಸೆಯ ಫಲ ಇಪ್ಪತ್ತು ವರ್ಷಕ್ಕೆ ಹರಡಿರುತ್ತದೆ, ಬೆಲೆ ಒಂದೇ ದಿನಕ್ಕೆ ಕೊಡಬೇಕು. ಎಲ್ಲ ತೊಡಕಿನ ಬುಡ ಇದು.

ನಮ್ಮ ಉಡುಪಿಯಲ್ಲಿ 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ, ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದ. ಬಡವನ ಕೈಗೆ ಎಟುಕದ ಮೊತ್ತವನ್ನು ಎಟುಕುವ ತುಂಡು ಮಾಡಿದ್ದೇ ಅದರ ಗುಟ್ಟು. ಅದನ್ನು ತಂದ ಟಿ.ಎಂ.ಎ. ಪೈಗಳೇ 1953ರಲ್ಲಿ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಕಟ್ಟಿದರು. ಈ ಔಷಧಿಗಳಿಗೂ ಹಾಗೆ ಕಂತು ಮಾಡಲು ಸಾಧ್ಯವಿಲ್ಲವಾ?

ಶೇರುಪೇಟೆ_ಹಂಪನಕಟ್ಟೆ

ಸರ್, ಮಾಡಿ ನೋಡಿದ್ದಾರೆ. ಬ್ಲೂಬರ್ಡ್ ಕಥೆಯೇ ಅದು, ಮೇಲೆ ಹೆಸರು ಬಂತಲ್ವಾ. ಆಗಾಗ ರಕ್ತ ಹಾಕಿಸಬೇಕಾಗುವ ಬೀಟಾ ಥಲಸ್ಸೀಮಿಯಾ ಕಾಯಿಲೆಗೆ ಅವರ ಜಿಂಟೆಗ್ಲೊ ಔಷಧಿಗೆ 2019ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ 15.75 ಲಕ್ಷ ಯೂರೋ, ಐದು ವರ್ಷಕ್ಕೆ ಐದು ಕಂತು. ಮೊದಲ ಕಂತು ಬಿಟ್ಟು ಉಳಿದದ್ದು ಔಷಧಿ ಕೆಲಸ ಮಾಡಿದರೆ ಮಾತ್ರ. ಇದಕ್ಕಿಂತ ನ್ಯಾಯವಾದದ್ದು ಏನು ಬೇಕು ಹೇಳಿ. ಆದರೂ ಜರ್ಮನಿಯಲ್ಲಿ ದರ ಹೊಂದಲಿಲ್ಲ, 2021ರಲ್ಲಿ ಯುರೋಪನ್ನೇ ಬಿಟ್ಟು ಹೊರಟರು.

ಅಮೆರಿಕದಲ್ಲಿ 2022ರಲ್ಲಿ ಎರಡು ಒಪ್ಪಿಗೆ, 2023ರ ಡಿಸೆಂಬರ್‌ನಲ್ಲಿ ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಗೆ ಮೂರನೆಯದ್ದು. ಮೂರು ಔಷಧಿ ಒಪ್ಪಿಸಿದ ಸಣ್ಣ ಕಂಪನಿ ಎಷ್ಟು ಉಂಟು ಹೇಳಿ! ಮಕ್ಕಳ ಅಪರೂಪದ ಕಾಯಿಲೆಗೆ ಔಷಧಿ ತಂದವರಿಗೆ ಎಫ್‌ಡಿಎ, ಇನ್ನೊಂದು ಔಷಧಿಯ ಪರಿಶೀಲನೆ ಬೇಗ ಆಗುವ ಒಂದು ವೋಚರ್ ಕೊಡುತ್ತದೆ, ಬೇರೆ ಕಂಪನಿಗೆ ಅದನ್ನು ಮಾರಬಹುದು. ಮೊದಲೆರಡನ್ನು 10.2 ಕೋಟಿ ಮತ್ತು 9.5 ಕೋಟಿ ಡಾಲರಿಗೆ ಮಾರಿ ಬದುಕಿದರು. ಮೂರನೆಯದ್ದು ಸಿಗುತ್ತದೆ ಅಂತ ನಂಬಿ ಮಾರಾಟದ ಮಾತುಕತೆಯನ್ನೂ ಮುಗಿಸಿದ್ದರು. ಎಫ್‌ಡಿಎ ಅದನ್ನು ಕೊಡಲಿಲ್ಲ. ಅದೇ ದಿನ ಸಿಕಲ್ ಸೆಲ್‌ಗೆ ವರ್ಟೆಕ್ಸ್‌ನವರ ಕಾಸ್ಜೆವಿಗೂ ಒಪ್ಪಿಗೆ ಬಂತು, ಅದರ ಬೆಲೆ 22 ಲಕ್ಷ ಡಾಲರ್, ಇವರದ್ದು 31 ಲಕ್ಷ.

2018ರಲ್ಲಿ ಈ ಕಂಪನಿಯ ಮೌಲ್ಯ 1,000 ಕೋಟಿ ಡಾಲರ್ ದಾಟಿತ್ತು. 2024ರ ಕೊನೆಗೆ 20 ಶೇರು ಸೇರಿಸಿ 1 ಮಾಡಿದರು. 2025ರಲ್ಲಿ ಹೂಡಿಕೆ ಸಂಸ್ಥೆಗಳಾದ ಕಾರ್ಲೈಲ್ ಮತ್ತು ಎಸ್‌ಕೆ ಕ್ಯಾಪಿಟಲ್ ಅದನ್ನು ಕೊಂಡವು. ಹಳೆಯವರ ಮುಂದೆ ಇಟ್ಟದ್ದು ಎರಡು ಆಯ್ಕೆ: ಶೇರಿಗೆ 3 ಡಾಲರ್ ಮತ್ತು ಗುರಿ ಮುಟ್ಟಿದರೆ ಮುಂದೆ ಇನ್ನಷ್ಟು, ಇಲ್ಲವೇ ಒಮ್ಮೆಗೇ 5 ಡಾಲರ್. ಈಗ ಹೆಸರೂ ಬದಲಾಗಿ ಜೆನೆಟಿಕ್ಸ್ ಬಯೋಥೆರಪ್ಯೂಟಿಕ್ಸ್ ಆಗಿದೆ.

ತೆಂಕಪೇಟೆ_ಉಡುಪಿ

ಇದೇ ನೋಡಿ ನಾನು ಹೇಳುತ್ತಿದ್ದದ್ದು. ಸ್ಕೈಸೋನಾ ಪಡೆದ ಆ 67 ಹುಡುಗರನ್ನು ಗಮನಿಸುವ ಹೊಣೆ ಈಗ ಹೊಸ ಮಾಲೀಕರದ್ದು. ಅವರು ಸರಿಯಾಗಿಯೇ ಮಾಡಬಹುದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಔಷಧಿ ಮೈಗೆ ಸೇರಿದ ಮೇಲೆ ರೋಗಿ ಅದನ್ನು ವಾಪಸ್ ಕೊಡಲಾಗುವುದಿಲ್ಲ, ಕಂಪನಿ ಮಾತ್ರ ಮಾರಾಟ ಆಗಬಹುದು.

ಕೊಟ್ಟಾರ_ಕೆಮಿಸ್ಟ್

ಸ್ವಲ್ಪ ಖಾರವಾಗಿ ಹೇಳುತ್ತೇನೆ, ಯಾರೂ ಬೇಜಾರು ಮಾಡಬೇಡಿ. ನಮ್ಮ ದೇಶದ ಅಪರೂಪದ ಕಾಯಿಲೆಗಳ ನೀತಿ 2021ರದ್ದು. ಅದರಲ್ಲಿ ಒಬ್ಬ ರೋಗಿಗೆ ಸಿಗುವ ನೆರವು ಜಾಸ್ತಿ ಅಂದರೆ 50 ಲಕ್ಷ. 30 ಕೋಟಿಯ ಔಷಧಿಯ ಚರ್ಚೆಯಿಂದ ನಮಗೆ ಎಂತ ಪ್ರಯೋಜನ? ಆ ಅಮ್ಮ ಫ್ಯಾಕ್ಟರ್ ಸಿಗದೆ ಇನ್ನೊಂದು ಊರಿಗೆ ಓಡಿದ್ದಾರೆ. ಮೊದಲು ಜಿಲ್ಲಾ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಖಾಲಿ ಆಗದ ಹಾಗೆ ಮಾಡಲಿ. ಜೀನ್ ಥೆರಪಿಗೆ ಸರ್ಕಾರದ ದುಡ್ಡು ಹಾಕುವುದು ಆಮೇಲೆ.

ತೆಂಕಪೇಟೆ_ಉಡುಪಿ

ಫ್ಯಾಕ್ಟರ್ ಮೊದಲು, ಅದಕ್ಕೆ ನನ್ನದು ಪೂರ್ತಿ ಒಪ್ಪಿಗೆ. ಆದರೆ "ಆಮೇಲೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹೊರಗಿನ ಔಷಧಿಯನ್ನು 30 ಕೋಟಿ ಕೊಟ್ಟು ತರಿಸಿ ಅಂತ ಯಾರೂ ಹೇಳುತ್ತಿಲ್ಲ. ಇಲ್ಲೇ ಮಾಡಿದರೆ ಲೆಕ್ಕ ಬದಲಾಗುತ್ತದೆ.

ಕ್ಯಾನ್ಸರಿನ ಕಾರ್-ಟಿ ಚಿಕಿತ್ಸೆ ನೋಡಿ. ಅದೂ ರೋಗನಿರೋಧಕ ಕೋಶಗಳ ಜೀನ್ ಬದಲಿಸಿ ಮಾಡುವ ಚಿಕಿತ್ಸೆಯೇ. ಅಮೆರಿಕದಲ್ಲಿ ಮೊದಲನೆಯದ್ದು ಬಂದಾಗ ಬೆಲೆ 4.75 ಲಕ್ಷ ಡಾಲರ್. ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೇರಿ ಕಟ್ಟಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಇಲ್ಲಿ ಒಪ್ಪಿಗೆ ಸಿಕ್ಕಿತು, ಬೆಲೆ ಸುಮಾರು 42 ಲಕ್ಷ ರೂಪಾಯಿ. ಅಗ್ಗ ಅಂತ ಹೇಳುವುದಿಲ್ಲ, 42 ಲಕ್ಷ ನಮ್ಮಂಥವರಿಗೆ ಮನೆ ಮಾರುವ ದುಡ್ಡು. ಆದರೆ 50 ಲಕ್ಷದ ಮಿತಿ ಒಳಗೆ ಬರುವ ಬೆಲೆಗೆ ಇಂಥದ್ದನ್ನು ಇಲ್ಲಿ ತಯಾರಿಸಲು ಆಗುತ್ತದೆ ಅಂತ ತೋರಿಸಿಕೊಟ್ಟರು. ಸಿಕಲ್ ಸೆಲ್‌ಗೆ ದೆಹಲಿಯ ಸರ್ಕಾರಿ ಸಂಶೋಧನಾ ಸಂಸ್ಥೆ ಐಜಿಐಬಿಯವರು ಬಿರ್ಸಾ 101 ಅಂತ ಮಾಡಿದ್ದಾರೆ, 2025ರ ನವೆಂಬರ್‌ನಲ್ಲಿ ಅದರ ತಂತ್ರಜ್ಞಾನ ಸೀರಮ್ ಇನ್‌ಸ್ಟಿಟ್ಯೂಟ್‌ಗೆ ಹೋಯಿತು.

ದುಡ್ಡಿಗಿಂತ ದೊಡ್ಡದು ಇನ್ನೊಂದು. ವೆಲ್ಲೂರಿನ ಆಸ್ಪತ್ರೆ ಹದಿನೈದು ವರ್ಷದ ಮೇಲೂ ಅಲ್ಲೇ ಇರುತ್ತದೆ. ಅದನ್ನು ಯಾರೂ ಶೇರಿಗೆ 3 ಡಾಲರ್ ಅಂತ ಕೊಳ್ಳಲಿಕ್ಕೆ ಬರುವುದಿಲ್ಲ. ಸರ್ಕಾರದ ದುಡ್ಡು, ಆಸ್ಪತ್ರೆಯ ದಾಖಲೆ, ಹಳೆಯ ಡಾಕ್ಟರ್ ಹೋದರೂ ಫೈಲ್ ಉಳಿಯುವ ವ್ಯವಸ್ಥೆ ಇರುವ ಕಡೆ ಈ ಚಿಕಿತ್ಸೆ ಬೆಳೆಯಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಬ್ಯಾಂಕ್_ನಿವೃತ್ತ

ಹೊರದೇಶದಲ್ಲಿ ಯಾರಾದರೂ ಹಾಗೆ ಮಾಡಿದ್ದಾರಾ, ಲಾಭ ನೋಡದೆ?

ಮಣಿಪಾಲ_ಲ್ಯಾಬ್

ಇಟಲಿಯಲ್ಲಿ ಮಾಡಿದ್ದಾರೆ ಸರ್. ಸ್ಟ್ರಿಮ್‌ವೆಲಿಸ್ ಅಂತ, ಹುಟ್ಟುತ್ತಲೇ ರೋಗನಿರೋಧಕ ಶಕ್ತಿ ಇಲ್ಲದ ಮಕ್ಕಳಿಗೆ ಕೊಡುವುದು. 2016ರಲ್ಲಿ ಜಿಎಸ್‌ಕೆ ಹೆಸರಲ್ಲಿ ಒಪ್ಪಿಗೆ ಆಯಿತು, 2018ರಲ್ಲಿ ಅವರು ಆರ್ಚರ್ಡ್ ಕಂಪನಿಗೆ ದಾಟಿಸಿದರು. ಆರ್ಚರ್ಡ್‌ನವರಿಗೂ ಬೇಡ ಆಯಿತು, ರೋಗಿಗಳು ಅಷ್ಟು ಕಡಿಮೆ. 2023ರಲ್ಲಿ ಟೆಲಿಥಾನ್ ಪ್ರತಿಷ್ಠಾನ ಅದನ್ನು ತನ್ನ ಹೆಗಲಿಗೆ ತೆಗೆದುಕೊಂಡಿತು. ಟಿವಿ ಕಾರ್ಯಕ್ರಮದ ಮೂಲಕ ಜನಸಾಮಾನ್ಯರಿಂದ ಸಣ್ಣ ಸಣ್ಣ ದೇಣಿಗೆ ಸೇರಿಸುವ ಸಂಸ್ಥೆ ಅದು. ಆ ಔಷಧಿಯ ಮೂಲ ಸಂಶೋಧನೆಗೂ ಅವರದ್ದೇ ದುಡ್ಡು ಇತ್ತು. ಎರಡು ಕಂಪನಿ ಕೈ ಬಿಟ್ಟದ್ದನ್ನು ಒಂದು ದೇಣಿಗೆ ಸಂಸ್ಥೆ ಉಳಿಸಿತು.

ಶೇರುಪೇಟೆ_ಹಂಪನಕಟ್ಟೆ

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಐದು ಜನರ ಟ್ರಯಲ್ ಸರ್ಕಾರದ ದುಡ್ಡಿನಲ್ಲಿ ಆಗುತ್ತದೆ. ನೂರಾರು ಜನರಿಗೆ ವೈರಸ್ ತಯಾರಿಸುವ ಕಾರ್ಖಾನೆ, ಪ್ರತಿ ಬ್ಯಾಚ್‌ನ ಪರೀಕ್ಷೆ, ಅದಕ್ಕೆ ಬಂಡವಾಳ ಹಾಕುವವರು ಬೇಕು. ಯೂನಿಕ್ಯೂರ್‌ನಂಥ ಕಂಪನಿಗೆ ಹೂಡಿಕೆದಾರರು ದುಡ್ಡು ಹಾಕದಿದ್ದರೆ ಹಂಟಿಂಗ್ಟನ್ ಮನೆಗಳಿಗೆ ಇವತ್ತು ಈ ಆಸೆಯೂ ಇರುತ್ತಿರಲಿಲ್ಲ. ಎರಡೂ ಬೇಕು.

ತೆಂಕಪೇಟೆ_ಉಡುಪಿ

ಕಾರ್ಖಾನೆ ವಿಷಯದಲ್ಲಿ ನೀವು ಹೇಳಿದ್ದು ಸರಿ. ಹಾಗಾದರೆ ಒಪ್ಪಿಗೆ ಕೊಡುವಾಗಲೇ 15 ವರ್ಷದ ಗಮನಿಕೆಗೆ ಬೇಕಾದ ದುಡ್ಡನ್ನು ಬೇರೆ ಖಾತೆಯಲ್ಲಿ ಇಡಿಸಬೇಕು, ಕಂಪನಿ ಮಾರಾಟ ಆದರೂ ಮುಟ್ಟಲಾಗದ ಹಾಗೆ. ಶೇರು ಹಾಕುವವರು ಇದಕ್ಕೆ ಒಪ್ಪುತ್ತಾರಾ?

ಶೇರುಪೇಟೆ_ಹಂಪನಕಟ್ಟೆ

ನಾನಂತೂ ಒಪ್ಪುತ್ತೇನೆ. ಬೇರೆಯವರು ಕಷ್ಟ.

ಕಾರ್ಕಳದ_ಅಮ್ಮ

ಎಲ್ಲರಿಗೂ ಧನ್ಯವಾದ. ದೇಣಿಗೆ ವಿಷಯ ಬಿಟ್ಟೆವು, ಯಜಮಾನರಿಗೂ ಓದಿ ಹೇಳಿದೆ. ಡಾಕ್ಟರ ಹತ್ತಿರ ಹೋಗುವಾಗ ಎಂತೆಲ್ಲ ಕೇಳಬೇಕು ಅಂತ ಒಮ್ಮೆ ಬರೆದು ಕೊಡುತ್ತೀರಾ? ಒಳಗೆ ಹೋದ ಕೂಡಲೇ ನನಗೆ ಎಲ್ಲ ಮರೆತು ಹೋಗುತ್ತದೆ.

ಮಣಿಪಾಲ_ಲ್ಯಾಬ್

ಬರೆದುಕೊಳ್ಳಿ ಅಕ್ಕ. ಫ್ಯಾಕ್ಟರ್ 8ರ ಮಟ್ಟ ಎಷ್ಟು ಶೇಕಡಾ ಅಂತ ಹಳೆಯ ರಿಪೋರ್ಟ್ ತೆಗೆದುಕೊಂಡು ಹೋಗಿ. ಹಾಕಿದ ಫ್ಯಾಕ್ಟರ್ ಕೆಲಸ ಮಾಡದ ಹಾಗೆ ತಡೆಯುವ ಇನ್‌ಹಿಬಿಟರ್ ಮೈಯಲ್ಲಿ ಉಂಟಾ ಅಂತ ನೋಡುವ ಪರೀಕ್ಷೆ ಕೊನೆಗೆ ಯಾವಾಗ ಆಗಿದೆ ಕೇಳಿ, ಆಗದೆ ತುಂಬಾ ಸಮಯ ಆಗಿದ್ದರೆ ಮಾಡಿಸಿ. ಎಮಿಸಿಜುಮಾಬ್ ಸರ್ಕಾರದ ಕಡೆಯಿಂದ ಸಿಗುತ್ತದಾ, ಯಾರಿಗೆ ಸಿಗುತ್ತದೆ ಅಂತ ಕೇಳಿ. ಫಿಸಿಯೋಥೆರಪಿ ಬಿಡಬೇಡಿ. ರಕ್ತಸ್ರಾವ ಆದಾಗಲೆಲ್ಲ ತಾರೀಕು, ಯಾವ ಗಂಟು, ಎಷ್ಟು ಯೂನಿಟ್ ಹಾಕಿದಿರಿ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಯಾವ ಟ್ರಯಲ್‌ಗೆ ಹೋಗುವುದಾದರೂ ಅವರು ಮೊದಲು ಕೇಳುವುದು ಅದನ್ನೇ.

ತೆಂಕಪೇಟೆ_ಉಡುಪಿ

ಆ ಪುಸ್ತಕ ನಮ್ಮಲ್ಲಿ ತಮ್ಮ ಸಣ್ಣವನಿರುವಾಗಿನಿಂದ ಉಂಟು. ಹೇಗೆ ಗೆರೆ ಹಾಕಿಕೊಂಡಿದ್ದೇವೆ ಅಂತ ಒಂದು ಪುಟದ ಫೋಟೋ ಕಳಿಸುತ್ತೇನೆ ಅಕ್ಕ, ಹಾಗೇ ಮಾಡಿಕೊಳ್ಳಿ.